ಭರಣಿಯೊಳಗಿನ ಗುಂಡುಕಲ್ಲು

ನನ್ನ ಸಂಗ್ರಹದ ಅತ್ಯುತ್ತಮ ಕಲ್ಲು ಸುಮಾರು ಮೂವತ್ತು ವರ್ಷ ಮಾವಿನಮಿಡಿಯ ಭರಣಿಯಲ್ಲಿ, ಉಪ್ಪುನೀರಿನಲ್ಲಿ ಮುಳುಗಿ ಕೂತಿತ್ತು. ಅದನ್ನು ಅಲ್ಲಿಟ್ಟವಳು ನನ್ನ ಹೆಂಡತಿ. ಸುಲಿದ ತೆಂಗಿನಕಾಯಿಯಷ್ಟು ಗಾತ್ರ, ಮಾಸಿದ ಹಸಿರು ಬಣ್ಣ, ಮೈಯೆಲ್ಲ ಸಿಡುಬಿನ ಕಲೆಯಂಥ ಗುಳಿ. ಮಿಡಿ ಮೇಲಕ್ಕೆ ತೇಲಿ ಕೊಳೆಯದಂತೆ ಒತ್ತಿ ಹಿಡಿಯಲು ನಮ್ಮ ಕಡೆ ಎಲ್ಲ ಮನೆಯ ಭರಣಿಯಲ್ಲೂ ಒಂದು ಕಲ್ಲು ಇರುತ್ತದೆ. ಹೆಚ್ಚಿನವರು ಹೊಳೆಯಿಂದ ತಂದು, ತಿಕ್ಕಿ ತೊಳೆದು ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯವಳಿಗೆ ಮಾತ್ರ ಸಾತಾರದ ಕಡೆಯಿಂದ ಲಾರಿಯಲ್ಲಿ ಬಂದ ಕಲ್ಲೇ ಆಗಬೇಕಿತ್ತು. ಕೊಯ್ದು ಒಳಗೇನಿದೆ ನೋಡಬೇಕೆಂದು ನಾನು, ಕೊಡುವುದಿಲ್ಲವೆಂದು ಅವಳು. ಈ ಜಗಳ ನಮ್ಮ ಮಗಳಿಗಿಂತ ಹಿರಿದು.

ನಾನು ಮೀನು ಲಾರಿಯ ಡ್ರೈವರ್ ಆಗಿದ್ದವನು. ಹೊನ್ನಾವರ, ಭಟ್ಕಳದ ಬಂದರಿನಲ್ಲಿ ಮೀನು ತುಂಬಿಕೊಂಡು ಕೊಲ್ಹಾಪುರ, ಸಾತಾರ, ಪುಣೆಗೆ ಹೋಗುವುದು. ಹೋಗುವಾಗ ಚಹಾ ಕುಡಿಯಲು ನಿಲ್ಲಿಸಿದರೂ ಹಿಂದೆ ಮಂಜುಗಡ್ಡೆ ಕರಗುತ್ತಿರುತ್ತದೆ, ಅದರ ಜೊತೆ ಮಾಲೀಕನ ತಲೆಯೂ ಬಿಸಿಯಾಗುತ್ತಿರುತ್ತದೆ. ಬರುವಾಗ ಹಾಗಲ್ಲ. ಹಿಂದೆ ಖಾಲಿ ಪೆಟ್ಟಿಗೆ, ನಾನೇ ರಾಜ. ಆ ಘಟ್ಟದ ಮೇಲಿನ ಊರುಗಳಲ್ಲಿ ಬೇಸಿಗೆಯೆಂದರೆ ಬಾವಿ ತೋಡುವ ಕಾಲ. ಕರಿಕಲ್ಲಿಗೆ ಮದ್ದಿಟ್ಟು ಸಿಡಿಸಿ, ಚೂರನ್ನು ರಸ್ತೆ ಬದಿಗೆ ರಾಶಿ ಹಾಕಿರುತ್ತಾರೆ. ಒಂದು ಸಂಜೆ ಅಂಥ ರಾಶಿಯ ಹತ್ತಿರ ಲಾರಿ ನಿಲ್ಲಿಸಿ ಇಳಿದಾಗ, ಒಡೆದ ಕಲ್ಲಿನ ಹೊಟ್ಟೆಯಲ್ಲಿ ಏನೋ ಬೆಳ್ಳಗೆ ಮಿನುಗಿತು. ಅಂದಿನಿಂದ ನನಗೆ ಅದೇ ಚಾಳಿ. ಬಾವಿ ತೋಡುವವರಿಗೆ ಒಂದು ಪೊಟ್ಟಣ ಒಣಸೀಗಡಿ ಕೊಟ್ಟರೆ ಸಾಕು, ಒಡೆಯದ ಉಂಡೆಗಳನ್ನು ಆರಿಸಿ ತೆಗೆದಿಡುತ್ತಿದ್ದರು. ಕೆಲವು ಕೃಷ್ಣೆಯ ದಂಡೆಯಲ್ಲಿ ನಾನೇ ಬಗ್ಗಿ ಹೆಕ್ಕಿದವು. ಮೀನು ಕೊಟ್ಟು ಕಲ್ಲು ತರುವ ಹುಚ್ಚ ಎಂದು ಎರಡೂ ಕಡೆಯವರು ನಕ್ಕರು. ನಕ್ಕರೆ ನನಗೇನು!

ನಮ್ಮ ಕರಾವಳಿಯ ಚಿರೆಕಲ್ಲನ್ನು ಒಡೆದರೆ ಒಳಗೆ ಇರುವೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಮೇಲಿನ ಕರಿಕಲ್ಲಿನ ಕಥೆಯೇ ಬೇರೆ. ಅದು ಒಂದು ಕಾಲಕ್ಕೆ ಕುದಿಯುತ್ತ ಹರಿದ ಬೆಂಕಿಯ ರಸ. ಆರುವಾಗ ಒಳಗೆ ಗುಳ್ಳೆಗಳು ಉಳಿದುಬಿಟ್ಟವು. ಆಮೇಲೆ ಲೆಕ್ಕವಿಲ್ಲದಷ್ಟು ಕಾಲ ನೀರು ಜಿನುಗಿ ಜಿನುಗಿ, ಬಚ್ಚಲ ಹಂಡೆಯ ಒಳಗೆ ಪದರ ಕಟ್ಟುವ ಹಾಗೆ, ಆ ಗುಳ್ಳೆಗಳ ಒಳಮೈಗೆ ಪದರದ ಮೇಲೆ ಪದರ ಕಟ್ಟಿತು. ಪೂರ್ತಿ ತುಂಬಿಕೊಂಡು ಗೆರೆಗೆರೆಯಾಗಿ ನಿಂತರೆ ಅದು ಅಗೇಟು. ಭಟ್ಕಳದ ಉಂಗುರದ ಅಂಗಡಿಯವರು ಅದಕ್ಕೆ ಅಕೀಕ್ ಎನ್ನುತ್ತಾರೆ. ನಡುವೆ ಪೊಳ್ಳು ಉಳಿದರೆ ಅಲ್ಲಿ ಸ್ಫಟಿಕದ ಹಲ್ಲು ಮೂಡುತ್ತದೆ. ಪರದೇಶದವರು ಸಿಡಿಲಿನ ಮೊಟ್ಟೆ ಎಂದು ಹೆಸರಿಟ್ಟ ಉಂಡೆಗಳೂ ಇವೆ. ಅವು ಹುಟ್ಟುವುದು ಬೇರೆ ಜಾತಿಯ ಬೆಂಕಿರಸದಲ್ಲಿ. ಮೊಬೈಲಿನಲ್ಲಿ ಎರಡನ್ನೂ ಒಂದೇ ಎಂದು ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನವು ಸಿಡಿಲಿನ ಮೊಟ್ಟೆಗಳಲ್ಲ, ಅವುಗಳ ದಾಯಾದಿಗಳು.

ಬೆನ್ನು ನೋವಿನಿಂದ ಡ್ರೈವರಿಕೆ ಬಿಟ್ಟ ಮೇಲೆ, ಕುಮಟೆಯಲ್ಲಿ ಅಡುಗೆಕಟ್ಟೆಗೆ ಗ್ರಾನೈಟು ಕೂರಿಸುವವನೊಬ್ಬನ ಹಳೇ ಕೊಯ್ಯುವ ಮಿಷನ್ನು ಕೊಂಡುಕೊಂಡೆ. ಹಳದೀಪುರದ ನಮ್ಮ ಮನೆಯ ಹಿತ್ತಲಲ್ಲಿ, ಮೊದಲು ಕಾಯಿ ರಾಶಿ ಹಾಕುತ್ತಿದ್ದ ಕೊಟ್ಟಿಗೆ ಈಗ ನನ್ನ ಕಾರ್ಖಾನೆ. ವಜ್ರದ ಪುಡಿ ಕೂರಿಸಿದ ಚಕ್ರ ಅದು, ಒಣಗಿದ್ದಾಗ ಓಡಿಸಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಮೇಲೆ ಒಂದು ಡಬ್ಬಿ ನೇತುಹಾಕಿ, ಆಸ್ಪತ್ರೆಯ ಸಲೈನ್ ಪೈಪು ಸಿಕ್ಕಿಸಿ, ಚಕ್ರದ ಮೇಲೆ ಒಂದೇ ಸಮನೆ ನೀರು ಬೀಳುವ ಹಾಗೆ ಮಾಡಿದ್ದೇನೆ. ಕೊಯ್ಯುವಾಗ ಬೂದುಬಣ್ಣದ ನೀರು ದೋಸೆಹಿಟ್ಟಿನ ಹಾಗೆ ಹರಿಯುತ್ತದೆ. ಲುಂಗಿ, ಮುಖ, ಕನ್ನಡಕ ಎಲ್ಲ ಅದೇ ಹಿಟ್ಟು.

ಕೊಯ್ದ ಮೇಲೆ ಗುರುತಿಸುವ ಕೆಲಸ. ಇದಕ್ಕೆ ಕಾಲೇಜಿಗೆ ಹೋಗಬೇಕಿಲ್ಲ, ಅಡುಗೆಮನೆಗೆ ಹೋದರೆ ಸಾಕು. ಹಳೇ ಗಾಜಿನ ಚೂರಿನ ಮೇಲೆ ಗೀರಿದರೆ ಗೆರೆ ಬಿತ್ತೇ? ಹಾಗಾದರೆ ಸ್ಫಟಿಕದ ಜಾತಿ. ಬೀಳಲಿಲ್ಲವೇ, ಲಿಂಬೆರಸದ ಒಂದು ಹನಿ ಬಿಡಿ. ಸೋಡಾದ ಹಾಗೆ ನೊರೆ ಎದ್ದರೆ ಸುಣ್ಣದ ಜಾತಿ, ಎಷ್ಟು ಹೊಳೆದರೂ ಅದಕ್ಕೆ ನನ್ನಲ್ಲಿ ಮರ್ಯಾದೆ ಕಡಿಮೆ. ಬೀಸಣಿಗೆಯ ಹಾಗೆ ಬಿಡಿಸಿಕೊಂಡು, ಮುಟ್ಟಿದರೆ ಹುಡಿ ಉದುರುವ ಬಿಳಿ, ಗುಲಾಬಿ ಹರಳುಗಳು ಬೇರೆ ಇವೆ. ಅವನ್ನು ಹತ್ತಿಯಲ್ಲಿ ಸುತ್ತಿಡಬೇಕು. ಕೊನೆಗೆ ತೆಳ್ಳಗಿನ ಬಿಲ್ಲೆಯನ್ನು ಬಿಸಿಲಿಗೆ ಹಿಡಿದರೆ, ಗೆರೆ ಕಾಣುವುದು ಅಗೇಟು, ಗೆರೆಯಿಲ್ಲದೆ ಬರೀ ಮಬ್ಬಾಗಿ ಹೊಳೆಯುವುದು ಅದರ ಬಡ ತಮ್ಮ. ನನ್ನ ಕೈಗೆ ಬಂದ ಕಲ್ಲಿನ ಕುಲಗೋತ್ರ ಹೇಳಲು ನನಗೆ ಎರಡು ನಿಮಿಷ ಸಾಕು.

ಇನ್ನು ಕೊಯ್ಯುವ ಮೊದಲೇ ಒಳಗೇನಿದೆ ಎಂದು ಹೇಳುವುದು. ಇದು ಎಲ್ಲರಿಗೂ ಬರುವಂಥದ್ದಲ್ಲ. ನಾವು ತೆಂಗಿನಕಾಯಿ ಆರಿಸುವ ಊರಿನವರು. ಕಾಯಿಯನ್ನು ಕೈಯಲ್ಲಿ ತೂಗಿ, ಉಗುರಿನಲ್ಲಿ ತಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ ಬೆಲೆ ಕಟ್ಟುತ್ತೇವೆ. ನಾನು ಕಲ್ಲಿಗೂ ಅದನ್ನೇ ಮಾಡುತ್ತಿದ್ದೆ. ಗಾತ್ರಕ್ಕಿಂತ ಹಗುರವೆನಿಸಿದರೆ ಪೊಳ್ಳು. ಅಲ್ಲಾಡಿಸಿ ಕಿವಿಗಿಟ್ಟಾಗ ಸದ್ದು ಬಂದರೆ ಒಳಗೆ ಹರಳು ಮುರಿದುಬಿದ್ದಿದೆ. ಸದ್ದಿಲ್ಲದಿದ್ದರೆ ಹರಳುಗಳು ಗಟ್ಟಿಯಾಗಿ ಕೂತಿವೆ, ಧೈರ್ಯವಾಗಿ ಕೊಯ್ಯಬಹುದು. ನನ್ನ ಕಲ್ಲುಗಳಲ್ಲಿ ಸದ್ದು ಮಾಡುವಂಥದ್ದು ಒಂದೂ ಇರಲಿಲ್ಲ. ನಾನು ಆರಿಸಿದ್ದಲ್ಲವೇ ಎಂದು ಹೆಮ್ಮೆಪಡುತ್ತಿದ್ದೆ.

ನನ್ನ ಹೆಂಡತಿ ಅಘನಾಶಿನಿಯವಳು. ಅವಳ ತವರಿನವರೆಲ್ಲ ಹೊಳೆಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವವರು. ಬಳಚು ಎಂದರೆ ಎರಡು ಚಿಪ್ಪು ಮುಚ್ಚಿಕೊಂಡ ಆ ಮೀನು. ಗೊತ್ತಿಲ್ಲದವರು ಒಮ್ಮೆ ಕುಮಟೆಗೆ ಬಂದು ಸುಕ್ಕ ತಿಂದು ಹೋಗಲಿ. ಬುಟ್ಟಿಯಲ್ಲಿ ಹತ್ತಾರು ಸತ್ತ ಚಿಪ್ಪುಗಳೂ ಸೇರಿಕೊಂಡಿರುತ್ತವೆ. ಒಳಗೆ ಮೀನಿಲ್ಲ, ಬರೀ ಕೆಸರು. ಹೊರಗಿನಿಂದ ಮಾತ್ರ ಥೇಟ್ ಜೀವಂತದ ಹಾಗೆ ಬಾಯಿ ಮುಚ್ಚಿಕೊಂಡಿರುತ್ತವೆ. ಅಂಥದ್ದೊಂದು ಗಡಿಗೆಗೆ ಬಿದ್ದು ಬಾಯಿಬಿಟ್ಟರೆ ಇಡೀ ಪದಾರ್ಥವೇ ಕೆಸರು. ಅದಕ್ಕೆ ಆ ಮನೆಯ ಹೆಣ್ಣುಮಕ್ಕಳು ಎರಡೆರಡು ಚಿಪ್ಪನ್ನು ಒಂದಕ್ಕೊಂದು ತಟ್ಟಿ, ಸದ್ದು ಕೇಳಿ ಬೇರೆ ಮಾಡುತ್ತಾರೆ. ಮಾತಾಡುತ್ತ, ಜಗಳವಾಡುತ್ತ, ನೋಡದೆಯೇ ತಟ್ಟಿ ಎಸೆಯುತ್ತಾರೆ. ನನ್ನ ಹೆಂಡತಿ ಏಳು ವರ್ಷದವಳಿದ್ದಾಗಿನಿಂದ ಆ ಕೆಲಸ ಮಾಡಿದವಳು. ಮದುವೆಯಾದ ಮೇಲೆ ನನ್ನ ಮನೆಯಲ್ಲಿ ಒಂದು ದಿನವೂ ಬಳಚಿನ ಸಾರಿನಲ್ಲಿ ಕೆಸರು ಸಿಕ್ಕಿದ್ದಿಲ್ಲ. ಅದನ್ನು ನಾನು ಎಂದೂ ಗಮನಿಸಲಿಲ್ಲ, ಸರಿ ಇದ್ದದ್ದನ್ನು ಯಾರು ಗಮನಿಸುತ್ತಾರೆ?

ಅವಳ ಬಗ್ಗೆ ನನ್ನದೊಂದೇ ದೂರು ಇತ್ತು. ವಯಸ್ಸಾದ ಹಾಗೆ ಅವಳ ದನಿ ಸಣ್ಣದಾಗುತ್ತ ಬಂತು. ಬಾಯೊಳಗೇ ಏನೋ ಗೊಣಗುತ್ತಾಳೆ. ಅವಳೊಬ್ಬಳೇ ಅಲ್ಲ, ಫೋನಿನಲ್ಲಿ ಮಗಳೂ ಹಾಗೆ, ಟಿವಿಯಲ್ಲಿ ವಾರ್ತೆ ಓದುವವರೂ ಹಾಗೆ. ಕುಕ್ಕರುಗಳು ಕೂಡ ಮೊದಲಿನ ಹಾಗೆ ಸೀಟಿ ಹಾಕುವುದಿಲ್ಲ. ಬಾಯಿ ತೆರೆದು ಮಾತಾಡು ಎಂದು ನಾನು ರೇಗುತ್ತಿದ್ದೆ. ಅವಳು ಕೈ ತಿರುವಿ ಒಳಗೆ ಹೋಗುತ್ತಿದ್ದಳು.

ಈ ವರ್ಷ ಏಪ್ರಿಲ್ ಕೊನೆಗೆ ಹೊಸ ಮಿಡಿ ಬಂತು. ಹಳೇ ಭರಣಿ ಖಾಲಿ ಮಾಡಿ, ತೊಳೆದು ಬಿಸಿಲಿಗಿಟ್ಟಳು. ಪಕ್ಕದ ಬಕೆಟ್ಟಿನಲ್ಲಿ ಕಲ್ಲು ಇತ್ತು. ಅವಳು ಮಿಡಿಯ ತೊಟ್ಟು ತೆಗೆಯುತ್ತಿದ್ದ ಹೊತ್ತು ನೋಡಿ ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದೆ. ಒರೆಸಿ, ತೂಗಿ ನೋಡಿದೆ. ಖಂಡಿತ ಪೊಳ್ಳು, ಅದೂ ದೊಡ್ಡ ಪೊಳ್ಳು. ಇಂಥದ್ದು ಇನ್ನೊಂದು ನನ್ನ ಹತ್ತಿರ ಇರಲಿಲ್ಲ. ಸೀಮೆಸುಣ್ಣದಲ್ಲಿ ನಡುವೆ ಗೆರೆ ಎಳೆದು, ಮಿಷನ್ನಿನ ಸ್ವಿಚ್ಚಿಗೆ ಕೈ ಹಾಕಿದೆ. ಯಾರೋ ತೋಳು ಹಿಡಿದ ಹಾಗಾಯಿತು. ಅವಳು ಬಾಗಿಲಿನಿಂದಲೇ ಕೂಗುತ್ತ ಬಂದಿದ್ದಳಂತೆ.

"ಎಂತ ಮಾಡ್ತ್ರಿ ಅದ್ನ? ಅದ್ರೊಳಗೆ ನೀರು ಉಂಟು!"

"ನೀರೂ ಇಲ್ಲ, ಮಣ್ಣೂ ಇಲ್ಲ. ಕಲ್ಲೊಳಗೆ ಎಂತ ನೀರೆ?"

"ಅಲ್ಲಾಡ್ಸಿ ನೋಡಿ ಹಂಗಾದ್ರೆ."

ಅಲ್ಲಾಡಿಸಿದೆ. ಬಲ ಕಿವಿಗಿಟ್ಟೆ, ಎಡ ಕಿವಿಗಿಟ್ಟೆ. ಏನೂ ಇಲ್ಲ. ಅವಳು ಕಸಿದುಕೊಂಡು ತನ್ನ ಕಿವಿಯ ಹತ್ತಿರ ಮೆಲ್ಲಗೆ ಒಮ್ಮೆ ತಿರುಗಿಸಿದಳು.

"ಗುಳುಗುಳು ಅಂತು. ಇಷ್ಟು ಚಂದ ಕೇಳ್ತು."

"ಇದ್ದರೂ ನಿನ್ನ ಭರಣಿಯ ಉಪ್ಪುನೀರೇ ಇಳಿದದ್ದು, ತಿಳೀತಾ?" ಎಂದೆ. ಎರಡೂ ಕಡೆ ವಾದ ಮಾಡುತ್ತಿದ್ದೇನೆ ಎಂದು ನನಗೂ ಗೊತ್ತಾಯಿತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಡ್ರೈವರಿಕೆಯಲ್ಲಿ ಕಲಿತದ್ದೇ ಅದು, ಘಟ್ಟದಲ್ಲಿ ಹಿಂದಕ್ಕೆ ತೆಗೆದವನು ಕೆಟ್ಟ. ಭಟ್ಕಳದ ಉಂಗುರದ ಅಂಗಡಿಯ ಸಾಯಿಬರ ಹತ್ತಿರ ಹೋಗೋಣ, ಅವರು ಹೇಳಿದ ಹಾಗೆ ಆಗಲಿ ಎಂದೆ. ನೀರಿಲ್ಲವೆಂದರೆ ಕೊಯ್ಯುವುದು, ಆಮೇಲೆ ಅವಳು ಬಾಯಿ ತೆಗೆಯಕೂಡದು. ನೀರಿದೆ ಎಂದರೆ ಕಲ್ಲು ಅವಳದು, ನಾನು ಮತ್ತೆ ಕೇಳುವುದಿಲ್ಲ.

"ಆತು, ಹೋಗಿ ಬನ್ನಿ" ಎಂದಳು. ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಟ್ಟಳು. ಒದ್ದೆ ಬಟ್ಟೆ ಯಾಕೆಂದು ಆಗ ನಾನು ಕೇಳಲಿಲ್ಲ.

ಸಾಯಿಬರದು ಭಟ್ಕಳದ ಹಳೇ ಪೇಟೆಯಲ್ಲಿ ಒಂದು ಮಂಚದಷ್ಟು ಅಗಲದ ಅಂಗಡಿ. ಬೆಳ್ಳಿಯ ಉಂಗುರಕ್ಕೆ ಅಕೀಕ್ ಕೂರಿಸುವುದು ಅವರ ಕಸುಬು. ನನ್ನ ಮೊದಲ ಅಗೇಟನ್ನು ಗುರುತಿಸಿ ಹೆಸರು ಹೇಳಿಕೊಟ್ಟವರೂ ಅವರೇ. ಅವರ ಮಾತಿಗೆ ನಾನು ಎದುರಾಡುವುದಿಲ್ಲ. ಬಸ್ಸಿನಲ್ಲಿ ಹೊನ್ನಾವರದ ಸೇತುವೆ ದಾಟಿ, ಮಾವಳ್ಳಿಯ ತಿರುವು ದಾಟಿ ಹೋಗುವಾಗ ನಾನು ಲೆಕ್ಕ ಹಾಕಿಬಿಟ್ಟಿದ್ದೆ. ಸಂಜೆ ನಾಲ್ಕಕ್ಕೆ ಮನೆ, ನಾಲ್ಕೂವರೆಗೆ ಮಿಷನ್ನು. ಒಂದು ಅರ್ಧವನ್ನು ಪಾಲಿಶ್ ಮಾಡಿ ಟಿವಿಯ ಮೇಲಿಡುವುದು. ಇನ್ನರ್ಧವನ್ನು ಬೇಕಾದರೆ ಅವಳು ಮಿಡಿಯ ಮೇಲೆ ಇಟ್ಟುಕೊಳ್ಳಲಿ.

ಸಾಯಿಬರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗಾಜು ತೆಗೆಯದೆಯೇ ಕಲ್ಲು ತೆಗೆದುಕೊಂಡರು. ಗುಳಿಗಳನ್ನು ಬೆರಳಿನಿಂದ ಸವರಿದರು. ಸಹಜವಾಗಿ ಒಮ್ಮೆ ಅಲ್ಲಾಡಿಸಿದರು. ಕೈ ಹಾಗೇ ನಿಂತಿತು. ಎದುರಿನ ಬೀದಿಯಲ್ಲಿ ರಿಕ್ಷಾ ಹಾರನ್ನು ಹೊಡೆಯುತ್ತಿದ್ದರೂ ಅವರಿಗೆ ಕಲ್ಲನ್ನು ಕಿವಿಗಿಡಬೇಕಾಗಿ ಬರಲಿಲ್ಲ.

"ಯಾ ಅಲ್ಲಾಹ್! ಡ್ರೈವರ್ ಸಾಬ್, ಇದರಲ್ಲಿ ಪಾನಿ ಇದೆಯಲ್ಲ!"

"ಉಪ್ಪುನೀರು ಇಳಿದಿರಬೇಕು" ಎಂದೆ.

"ಹಾಗೆ ಇಳಿಯೋದಿಲ್ಲ. ಇದು ಕಲ್ಲು ಹುಟ್ಟುವಾಗ ಒಳಗೆ ಸಿಕ್ಕಿಬಿದ್ದ ನೀರು. ಲಾಖ್‌ಗೆ ಒಂದು ಸಿಗುತ್ತೆ." ಅವರು ಕಲ್ಲನ್ನು ನನ್ನ ಕಿವಿಯ ಹತ್ತಿರ ತಂದು ಇನ್ನೊಮ್ಮೆ ಅಲ್ಲಾಡಿಸಿದರು. "ಕೇಳಿಸ್ತಾ?"

ನಾನು ಇನ್ನೊಂದು ಕಿವಿ ಒಡ್ಡಿದೆ. ಅವರು ಈ ಕಿವಿಯಿಂದ ಆ ಕಿವಿಗೆ ಬಂದರು. ನನ್ನ ಮುಖ ನೋಡಿದರು. ಆಮೇಲೆ ಭೂತಗಾಜನ್ನು ಕಣ್ಣಿನಿಂದ ತೆಗೆದು, ನನ್ನ ಕಿವಿಗೇ ಬಗ್ಗಿ, "ನಿಮಗೆ ಇದು ಕೇಳಿಸೋದೇ ಇಲ್ವಾ, ಸಾಬ್?" ಎಂದರು.

ಇಪ್ಪತ್ತೇಳು ವರ್ಷ ನಾನು ಓಡಿಸಿದ್ದು ಕ್ಯಾಬಿನ್ನಿನ ಒಳಗೇ ಎಂಜಿನ್ನು ಇರುವ ಲಾರಿ. ಎಡಗಡೆ ಎಂಜಿನ್ನು, ಬಲಗಡೆ ಕಿಟಕಿಯ ಗಾಳಿ. ಎರಡೂ ಕಿವಿಗೆ ಸಮಪಾಲು. ಇದು ನನಗೆ ಹೊಳೆದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಾಗಲೆಲ್ಲ ಟಿವಿಯನ್ನು, ಕುಕ್ಕರನ್ನು, ಹೆಂಡತಿಯನ್ನು ಬೈದುಕೊಂಡು ತಪ್ಪಿಸಿಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಅವಳನ್ನೂ ಮೀರಿಸಿದ್ದೆ.

ಸಾಯಿಬರು ಚಹಾ ತರಿಸಿದರು. ಅವರ ಅಬ್ಬಾನ ಹತ್ತಿರವೂ ಇಂಥದೊಂದು ಸಣ್ಣ ಕಲ್ಲು ಇತ್ತಂತೆ. ಮಖಮಲ್ಲಿನ ಮೇಲೆ, ಗಾಜಿನ ಕಪಾಟಿನಲ್ಲಿ ಇಟ್ಟಿದ್ದರಂತೆ. ವರ್ಷ ಕಳೆದ ಹಾಗೆ ಸದ್ದು ಸಣ್ಣದಾಗುತ್ತ ಬಂದು, ಒಂದು ರಂಜಾನಿನ ಹೊತ್ತಿಗೆ ಪೂರ್ತಿ ನಿಂತುಹೋಯಿತಂತೆ. "ಕಲ್ಲಿಗೂ ಕಣ್ಣಿಗೆ ಕಾಣದ ತೂತು ಇರುತ್ತೆ. ಒಣಗಾಳಿ ಒಳಗಿಂದ ಎಳ್ಕೊಳ್ಳುತ್ತೆ. ಇದನ್ನು ಇಷ್ಟು ವರ್ಷ ಎಲ್ಲಿಟ್ಟಿದ್ರಿ?"

"ಉಪ್ಪಿನಮಿಡಿಯ ಭರಣಿಯಲ್ಲಿ."

ಅವರು ಬಾಯಲ್ಲಿದ್ದ ಚಹಾ ನುಂಗಲಾಗದಷ್ಟು ನಕ್ಕರು. "ಯಾರ ಅಕಲ್ ಇದು?"

"ಹೆಂಡತಿಯದು."

"ಅವರಿಗೆ ನನ್ನ ಸಲಾಮ್ ಹೇಳಿ."

ಬರುವಾಗ ಬಸ್ಸಿನಲ್ಲಿ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಕುಲುಕಿದಾಗಲೆಲ್ಲ ಅದು ಸದ್ದು ಮಾಡುತ್ತಿರಬೇಕು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ಎರಡು ಸಲ ನನ್ನ ಚೀಲದ ಕಡೆ ನೋಡಿದಳು. ಅವಳಿಗೂ ಕೇಳುತ್ತಿತ್ತು. ಆಗ ನನ್ನ ಎದೆಗೆ ಚುಚ್ಚಿದ್ದು ಬೇರೆಯೇ ವಿಚಾರ. ನಾನು ಆವರೆಗೆ ಕೊಯ್ದದ್ದು ನೂರಕ್ಕೂ ಮೇಲೆ. ಎಲ್ಲವನ್ನೂ ಕಿವಿಗಿಟ್ಟು, ಸದ್ದಿಲ್ಲ ಎಂದು ಧೈರ್ಯವಾಗಿ ಕೊಯ್ದದ್ದು. ಮೇಲಿನಿಂದ ಸಲೈನ್ ಪೈಪಿನ ನೀರು ಸುರಿಯುತ್ತಿರುವಾಗ, ಕಲ್ಲಿನೊಳಗಿಂದ ಬಂದ ನಾಲ್ಕು ಚಮಚ ನೀರನ್ನು ಯಾರು ನೋಡುತ್ತಾರೆ? ಅಷ್ಟು ಕಾಲ ಕತ್ತಲಲ್ಲಿ ಕಾದು ಕೂತ ನೀರು ನನ್ನ ಲುಂಗಿಯ ಮೇಲೆ ಚೆಲ್ಲಿ, ಕೊಟ್ಟಿಗೆಯ ತೂಬಿನಿಂದ ಬಾಳೆಗಿಡದ ಬುಡಕ್ಕೆ ಹೋಗಿರಬಹುದು. ಒಂದರಲ್ಲಿ ಇತ್ತೋ, ಹತ್ತರಲ್ಲಿ ಇತ್ತೋ, ಇನ್ನು ತಿಳಿಯುವ ಹಾಗಿಲ್ಲ. ನನಗೆ ನಾಚಿಕೆಯಾಯಿತು. ಹೊನ್ನಾವರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವಷ್ಟರಲ್ಲಿ ಆ ನಾಚಿಕೆ ದುಃಖವೇ ಆಗಿಬಿಟ್ಟಿತ್ತು.

ಮನೆಗೆ ಬಂದು ಕಲ್ಲನ್ನು ಅವಳ ಕೈಗೆ ಕೊಟ್ಟೆ. "ನೀರು ಉಂಟಂತೆ. ಸಾಯಿಬರು ನಿನಗೆ ಸಲಾಮ್ ಹೇಳಿದ್ರು. ನನಗೆ ಕಿವಿ ಕೇಳೂದಿಲ್ಲ."

ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವಳು ಗೆದ್ದವರ ಮುಖ ಮಾಡಲಿಲ್ಲ. "ಅದು ನಂಗೆ ಗೊತ್ತಿತ್ತು" ಎಂದಳು. ಮೂರರಲ್ಲಿ ಯಾವುದು ಎಂದು ನಾನು ಕೇಳಲಿಲ್ಲ.

ಆದರೆ ನಾನೂ ನಾನೇ. ಎರಡು ದಿನ ಸುಮ್ಮನಿದ್ದವನು ಮೂರನೆಯ ದಿನ ಹೊಸ ವಿಚಾರ ತೆಗೆದೆ. ಕೊಯ್ಯುವುದು ಬೇಡ, ಸರಿ. ಒಂದು ಬದಿಯ ಸಿಪ್ಪೆಯನ್ನು ಮಾತ್ರ ತಿಕ್ಕಿ ತೆಗೆದು, ಒಳಗಿನ ಅಗೇಟಿನ ಗೋಡೆಯನ್ನು ಕಿಟಕಿಯ ಹಾಗೆ ತೆಳ್ಳಗೆ ಮಾಡಿದರೆ ಬೆಳಕು ಹಾಯುತ್ತದೆ. ಒಳಗಿನ ನೀರನ್ನು ಕಿವಿಯಲ್ಲಿ ಕೇಳಲಾಗದವನು ಕಣ್ಣಲ್ಲಾದರೂ ನೋಡಬಹುದು. ಕಷ್ಟ ಏನೆಂದರೆ, ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಹೇಳುವುದು ಸದ್ದು. ತೆಳುವಾದ ಹಾಗೆ ತಿಕ್ಕುವ ಸದ್ದು ಬದಲಾಗುತ್ತದೆ. ಗ್ರಾನೈಟಿನವರಿಗೆಲ್ಲ ಅದು ಗೊತ್ತು. ಒಂದು ಕೂದಲೆಳೆ ಹೆಚ್ಚು ತಿಕ್ಕಿದರೆ ತೂತು, ಎಲ್ಲ ಮುಗಿಯಿತು.

ಅವಳಿಗೆ ಹೇಳಿದೆ. ಅವಳು ಕಲ್ಲನ್ನು ಮಡಿಲಿಗೆ ತೆಗೆದುಕೊಂಡಳು. ಆಮೇಲೆ, "ನಾ ಸಾಕು ಅಂದಾಗ ನಿಲ್ಲಿಸ್ತ್ರಾ?" ಎಂದಳು. "ಆವಾಗ ನಿಮ್ದು ವಾದ ಇಲ್ಲ."

"ವಾದ ಇಲ್ಲ" ಎಂದೆ.

ನಾಲ್ಕು ಬೆಳಿಗ್ಗೆ ಆ ಕೆಲಸ ನಡೆಯಿತು. ಕಲ್ಲನ್ನು ಮಿಷನ್ನಿಗೆ ಒಡ್ಡಿ ನಾನು, ಎದುರಿಗೆ ಮಣೆ ಹಾಕಿಕೊಂಡು ಅವಳು. ಮೊದಲೆರಡು ದಿನ ಬರೀ ಸಿಪ್ಪೆ ಹೋಯಿತು, ಅವಳು ಮಿಡಿಯ ಕೆಲಸವನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮೂರನೆಯ ದಿನ ಬೂದು ಹೋಗಿ ನೀಲಿಬಿಳಿ ಹೊಳಪು ಕಂಡಿತು. ಆಗ ಅವಳು ಮಿಡಿ ಬಿಟ್ಟಳು. ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ಮೊಣಕಾಲ ಮೇಲೆ ಎತ್ತಿ ಹಿಡಿದು ಕೂತಳು. ನಾನು ಕಲ್ಲು ನೋಡುವುದನ್ನು ಬಿಟ್ಟು ಆ ಕೈಯನ್ನೇ ನೋಡುತ್ತ ತಿಕ್ಕಿದೆ. ಜೀವಮಾನವಿಡೀ ಕನ್ನಡಿ ನೋಡಿಕೊಂಡು ನಾನೇ ಗಾಡಿ ತಿರುಗಿಸಿದವನು. ಇನ್ನೊಬ್ಬರ ಕೈಸನ್ನೆಗೆ ಕಾದದ್ದು ಅದೇ ಮೊದಲು.

ನಾಲ್ಕನೆಯ ದಿನ, ನನಗೆ ಇನ್ನೂ ಬೇಕಾದಷ್ಟು ದಪ್ಪ ಇದೆ ಎನಿಸುತ್ತಿರುವಾಗಲೇ, ಅವಳ ಕೈ ಮೇಲಕ್ಕೆದ್ದಿತು. ಇನ್ನೆರಡು ಸುತ್ತು ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಸ್ವಿಚ್ಚು ಆರಿಸಿದೆ.

ಆಮೇಲೆ ಗ್ರಾನೈಟಿಗೆ ಹಾಕುವ ಪಾಲಿಶ್ ಬಟ್ಟೆಯಿಂದ ಕೈಯಲ್ಲೇ ಉಜ್ಜಿದೆ. ಕೊಟ್ಟಿಗೆಯ ಬಾಗಿಲು ಮುಚ್ಚಿ, ಕಲ್ಲಿನ ಮಗ್ಗುಲಿಗೆ ಮೊಬೈಲಿನ ಟಾರ್ಚು ಹಿಡಿದೆವು. ಒಂದು ರೂಪಾಯಿ ಅಗಲದ ಕಿಟಕಿ ಅದು. ಗೆರೆಗೆರೆಯಾದ ಗೋಡೆ ಜೇನಿನ ಬಣ್ಣಕ್ಕೆ ಹೊತ್ತಿಕೊಂಡಿತು. ಅದರ ಹಿಂದೆ ಒಂದು ಕಪ್ಪು ಅಂಚು. ಕಲ್ಲನ್ನು ಬಗ್ಗಿಸಿದೆ. ಅಂಚು ಬಗ್ಗಲಿಲ್ಲ, ಲೋಟದ ನೀರಿನ ಮಟ್ಟದ ಹಾಗೆ ಅಡ್ಡಕ್ಕೇ ನಿಂತಿತು. ಇನ್ನಷ್ಟು ಬಗ್ಗಿಸಿದೆ. ಒಂದು ಗಾಳಿಗುಳ್ಳೆ ಈ ಕಡೆಯಿಂದ ಆ ಕಡೆಗೆ, ಅವಸರವಿಲ್ಲದೆ, ತೇಲಿಕೊಂಡು ಹೋಯಿತು.

ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ಮುಚ್ಚಿಟ್ಟು ಏನಾಗಬೇಕು? ಬಂತು. "ಎಂಥ ಅದೃಷ್ಟ ನೋಡು" ಎಂದೆ. "ಮಿಡಿ ಒತ್ತಲಿಕ್ಕೆ ಅಂತ ನೀ ಇದ್ನ ಭರಣಿಗೆ ಹಾಕದೇ ಇದ್ದಿದ್ರೆ ಯಾವತ್ತೋ ಒಣಗಿ ಹೋಗ್ತಿತ್ತು."

ಅವಳು ಟಾರ್ಚು ಆರಿಸಿ, ಬಾಗಿಲು ತೆರೆದು ನನ್ನ ಮುಖ ನೋಡಿದಳು. ನನಗೆ ಕೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಮಿಡಿ ಒತ್ತಲಿಕ್ಕೆ ಯಾರು ಹಾಕಿದ್ರು? ಮಿಡಿಗೆ ಹೊಳೆಕಲ್ಲು ಸಾಕು. ನೀವು ಇದ್ನ ತಂದ್ಕೊಟ್ರಲ್ಲ, ಅವತ್ತೇ ಅಲ್ಲಾಡ್ಸಿದ್ದೆ. ಇದ್ರೊಳಗೆ ನೀರು ಉಂಟು, ಬಳಚಿನ ಹಂಗೆ ಉಪ್ಪುನೀರಲ್ಲಿ ಇಡ್ಲಾ, ಇಲ್ದಿದ್ರೆ ಒಣಗ್ತಲ್ದಾ ಅಂತ ಕೇಳ್ದೆ. ನೀವು ಲಾರಿಯೊಳಗೆ ಕೂತ್ಕಂಡು, ಆತು ಆತು ಅಂದ್ರಿ. ಹೋದ್ರಿ."

ಹೊಳೆಯಿಂದ ಮೇಲೆ ತಂದ ಬಳಚನ್ನು ಅವಳ ತವರಿನಲ್ಲಿ ಉಪ್ಪುನೀರಿನಲ್ಲೇ ಇಡುತ್ತಾರೆ, ಜೀವ ಹೋಗದಿರಲಿ ಎಂದು. ಕಲ್ಲಿಗೂ ಹಾಗೇ ಎಂದುಕೊಂಡಿದ್ದಳು. ಕಲ್ಲಿನ ವಿಷಯ ಓದಿದವರು ನೂರು ಜನ ಇರಬಹುದು, ಈ ತಪ್ಪು ಮಾಡಲು ಅಘನಾಶಿನಿಯವಳೇ ಆಗಬೇಕು. ಆ ತಪ್ಪೇ ಕಲ್ಲನ್ನು ಉಳಿಸಿತ್ತು.

ಆ ದಿನ ನನಗೆ ನೆನಪಿದೆ. ಮದುವೆಯಾದ ವರ್ಷ. ಲಾರಿಯ ಸೆಲ್ಫು ಕೆಟ್ಟಿತ್ತು, ಆರಿಸಿದರೆ ನಾಲ್ಕು ಜನ ತಳ್ಳಬೇಕು. ಎಂಜಿನ್ನು ಓಡುತ್ತಿರುವಾಗಲೇ ಬೇಲಿಬಾಗಿಲಿನ ದಣಪೆಯ ಹತ್ತಿರ ಕಲ್ಲು ಕೊಟ್ಟೆ. ಅವಳು ಅದನ್ನು ಕಿವಿಗಿಟ್ಟು ನಗುತ್ತ ಏನೋ ಕೇಳಿದಳು. ಕಲ್ಲು ಚೆನ್ನಾಗಿದೆ ಎಂದಿರಬೇಕು ಅಂದುಕೊಂಡೆ. ಮತ್ತೆ ಎರಡು ಮೂರು ಸಲ ಹೇಳಿದಳಂತೆ. ಕಲ್ಲಿನ ವಿಷಯ ನನಗೆ ಹೇಳಿಕೊಡಬೇಡ ಎಂದು ನಾನು ನಕ್ಕೆನಂತೆ. ಕಿವುಡನ ಮುಂದೆ ಕಿನ್ನರಿ ಎಂದುಕೊಂಡು ಅವಳು ಸುಮ್ಮನಾದಳು. ಕಲ್ಲನ್ನು ಮಾತ್ರ ನೋಡಿಕೊಂಡಳು. ವರ್ಷಕ್ಕೊಮ್ಮೆ ತೊಳೆದು, ಅಲ್ಲಾಡಿಸಿ, ನೀರು ಇದೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಒಳಗಿಟ್ಟಳು.

ಕೊಟ್ಟಿಗೆಯಲ್ಲಿ ಇನ್ನೂ ಕೊಯ್ಯದ ಕಲ್ಲುಗಳಿದ್ದವು. ಮರುದಿನ ಅವನ್ನೆಲ್ಲ ಬುಟ್ಟಿಗೆ ತುಂಬಿ ಅವಳ ಮುಂದೆ ಸುರಿದೆ. ಬಳಚು ಆರಿಸುವ ಹಾಗೆ ಒಂದೊಂದನ್ನೇ ಎತ್ತಿ, ಕಿವಿಯ ಪಕ್ಕ ತಿರುಗಿಸಿ, "ಕೊಯ್ಯಿ, ಕೊಯ್ಯಿ, ಇದೂ ಕೊಯ್ಯಿ" ಎಂದು ಬಲಕ್ಕೆ ಎಸೆದಳು. ಒಂದೇ ಒಂದನ್ನು, ಲಿಂಬೆಹಣ್ಣಿನಷ್ಟು ಸಣ್ಣದನ್ನು, ಇನ್ನೊಮ್ಮೆ ಕಿವಿಗಿಟ್ಟು ಸೆರಗಿನಲ್ಲಿ ಕಟ್ಟಿಕೊಂಡಳು. ಬಲಗಡೆಯವನ್ನು ನಾನು ಈಗಲೂ ಕೊಯ್ಯುತ್ತಿದ್ದೇನೆ. ಗಾಜಿನ ಗೀರು, ಲಿಂಬೆರಸ, ಬಿಸಿಲು ಎಲ್ಲ ಮೊದಲಿನ ಹಾಗೇ. ಗುರುತಿಸುವುದರಲ್ಲಿ ಈ ಮೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿದ್ದರೆ ಬರಲಿ, ನೋಡೋಣ.

ಹೊಸ ಮಿಡಿಗೆ ಉಪ್ಪು ಹಾಕಿದ ದಿನ ಎರಡೂ ಕಲ್ಲನ್ನು ನಾನೇ ತೊಳೆದು ಭರಣಿಗೆ ಇಳಿಸಿದೆ. ಕಿಟಕಿ ಮೇಲೆ ಬರುವ ಹಾಗೆ ತಿರುಗಿಸಿಟ್ಟು ಬಟ್ಟೆ ಕಟ್ಟಿದೆ. ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದ ಅವಳು ಏನೋ ಹೇಳಿದಳು. ಪೂರ್ತಿ ಕೇಳಲಿಲ್ಲ. ಆತು ಎನ್ನಲು ಬಾಯಿ ತೆರೆದೇಬಿಟ್ಟಿದ್ದೆ. ತಡೆದುಕೊಂಡೆ. ಎದ್ದು ಅವಳ ಹತ್ತಿರ ಹೋಗಿ ನಿಂತು, "ಎಂತ ಅಂದೆ? ಇನ್ನೊಂದ್ಸಲ ಹೇಳು" ಎಂದೆ.